ವಿದೇಶದಿಂದ ಸ್ಯಾಕ್ಸೋಫೋನ್ ತರಿಸಿದರೆ ಮನೆಗೆ ಬರುವಷ್ಟರಲ್ಲಿ ಎಷ್ಟಾಗುತ್ತದೆ?

ನಮ್ಮ ಗುಂಪಿನಲ್ಲಿ ಚಳ್ಳಕೆರೆಯ ಸರ್ ಒಬ್ಬರು ಕೇಳಿದ್ದು ಇಷ್ಟು. ಮದುವೆ ಓಲಗದಲ್ಲಿ ನುಡಿಸಲು ಒಳ್ಳೆಯ ಆಲ್ಟೋ ಸ್ಯಾಕ್ಸೋಫೋನ್ ಬೇಕು. ಹೊರದೇಶದ ವೆಬ್‌ಸೈಟಿನಲ್ಲಿ 62 ಸಾವಿರ ತೋರಿಸುತ್ತಿದೆ, ಅದೇ ಮಾಡೆಲ್ ಬೆಂಗಳೂರಿನ ಅಂಗಡಿಯಲ್ಲಿ 98 ಸಾವಿರ. ಸುಂಕ 30% ಅಂತ ಒಬ್ಬರು ಹೇಳಿದರು, 77% ಅಂತ ಇನ್ನೊಬ್ಬರು. ಅಮೆರಿಕದಲ್ಲಿರುವ ಭಾವ ಗಿಫ್ಟ್ ಅಂತ ಕಳಿಸಿದರೆ ಸುಂಕವೇ ಇಲ್ಲವಂತೆ, ನಿಜವಾ ಅಂತ ಅವರ ಪ್ರಶ್ನೆ.

ಸರ್, ಮೊದಲು ಗಿಫ್ಟ್ ವಿಷಯ ಮುಗಿಸಿಬಿಡೋಣ, ಯಾಕೆಂದರೆ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ಹಿಂದೆ ಸಣ್ಣ ಮೊತ್ತದ ಗಿಫ್ಟ್‌ಗೆ ಸುಂಕ ಇರಲಿಲ್ಲ. 2019ರ ಡಿಸೆಂಬರ್‌ನಲ್ಲಿ ಆ ಬಾಗಿಲು ಮುಚ್ಚಿತು. ಅಂಚೆಯಲ್ಲಾಗಲಿ ಕೊರಿಯರ್‌ನಲ್ಲಾಗಲಿ ಗಿಫ್ಟ್ ಹೆಸರಲ್ಲಿ ಸುಂಕ ಇಲ್ಲದೆ ಬರುವುದು ಜೀವ ಉಳಿಸುವ ಔಷಧಿ ಮತ್ತು ರಾಖಿ ಮಾತ್ರ. ಭಾವ ಪ್ರೀತಿಯಿಂದ ಕಳಿಸಲಿ, ಬೇಡ ಅನ್ನುವವರಿಲ್ಲ. ಆದರೆ ಪೂರ್ತಿ ಸುಂಕ ಕಟ್ಟಲೇಬೇಕು.

ಈಗ ಲೆಕ್ಕ. ಸ್ಯಾಕ್ಸೋಫೋನ್, ಕ್ಲಾರಿಯೊನೆಟ್, ಟ್ರಂಪೆಟ್ ಥರದ ಊದುವ ವಾದ್ಯಗಳು ಕಸ್ಟಮ್ಸ್ ಪಟ್ಟಿಯ 92ನೇ ಅಧ್ಯಾಯದಲ್ಲಿ 9205 ಅನ್ನುವ ಸಂಖ್ಯೆಯಡಿ ಬರುತ್ತವೆ. ಗಿಟಾರ್, ವಯಲಿನ್ 9202. ಕೀಬೋರ್ಡ್‌ನಂಥ ವಿದ್ಯುತ್ ವಾದ್ಯಗಳು 9207. ಬಿಡಿಭಾಗ 9209. ಮೂಲ ಸುಂಕ 10%. ಆ ಸುಂಕದ ಮೇಲೆ ಮತ್ತೆ 10% ಸಮಾಜ ಕಲ್ಯಾಣ ಮೇಲ್ತೆರಿಗೆ, ಅಂದರೆ ಬೆಲೆಯ 1%. ಇವೆರಡನ್ನೂ ಬೆಲೆಗೆ ಕೂಡಿಸಿ ಬಂದ ಮೊತ್ತದ ಮೇಲೆ 18% ಐಜಿಎಸ್‌ಟಿ, ಅಂದರೆ ಹೊರಗಿನಿಂದ ಬರುವ ಮಾಲಿಗೆ ಹಾಕುವ ಜಿಎಸ್‌ಟಿ.

ಇಲ್ಲಿ ಬೆಲೆ ಅಂದರೆ ವೆಬ್‌ಸೈಟಿನಲ್ಲಿ ಕಾಣುವ ಬೆಲೆ ಅಲ್ಲ. ವಾದ್ಯದ ಬೆಲೆ, ಸಾಗಣೆ, ವಿಮೆ ಮೂರೂ ಸೇರಬೇಕು. ನಿಮ್ಮದನ್ನೇ ತೆಗೆದುಕೊಳ್ಳಿ. ವಾದ್ಯ 62,000, ಕೊರಿಯರ್ 7,300, ವಿಮೆ 700 ಅಂತ ಇಟ್ಟುಕೊಂಡರೆ ಒಟ್ಟು 70,000. ಮೂಲ ಸುಂಕ 7,000. ಮೇಲ್ತೆರಿಗೆ 700. ಈಗ 77,700 ಆಯಿತು, ಅದರ 18% ಅಂದರೆ 13,986. ಸುಂಕವೆಲ್ಲ ಸೇರಿ 21,686. ಹೆಚ್ಚುಕಡಿಮೆ 31%. ವಾದ್ಯ ಕೈಗೆ ಬರುವ ಹೊತ್ತಿಗೆ 91,686.

ಇಷ್ಟಕ್ಕೇ ಮುಗಿಯಲ್ಲ. ಕಾರ್ಡಿನಲ್ಲಿ ಡಾಲರ್ ಕಟ್ಟಿದರೆ ತುಂಬಾ ಬ್ಯಾಂಕುಗಳು 3.5%ವರೆಗೆ ಶುಲ್ಕ ಹಿಡಿಯುತ್ತವೆ, ಆ ಶುಲ್ಕದ ಮೇಲೆ ಮತ್ತೆ ಜಿಎಸ್‌ಟಿ. ಸುಮಾರು 2,800 ಅಲ್ಲೇ ಹೋಯಿತು. ನಿಮ್ಮ ಪರವಾಗಿ ಸುಂಕ ಕಟ್ಟಿದ್ದಕ್ಕೆ ಕೊರಿಯರ್‌ನವರು ತಮ್ಮ ಚಾರ್ಜ್ ಬೇರೆ ಹಾಕುತ್ತಾರೆ. ಅಲ್ಲಿಗೆ 95 ಸಾವಿರದ ಹತ್ತಿರ ಬಂತು. ಬೆಂಗಳೂರಿನ ಅಂಗಡಿಯವರು 98 ಹೇಳಿದ್ದು ಮೋಸ ಅಲ್ಲ ಸರ್. ಅವರಿಗೆ ಬಂದ ಮಾಲಿಗೂ ಸುಂಕ, ಜಿಎಸ್‌ಟಿ ಬಿದ್ದೇ ಇರುತ್ತದೆ. ಮೂರು ಸಾವಿರ ಉಳಿಸಲು ಹೋಗಿ ವಾರಂಟಿ ಕಳೆದುಕೊಳ್ಳಬೇಕಾ? ಅಂಗಡಿಯಲ್ಲಾದರೆ ಊದಿ ನೋಡಿ ತರಬಹುದು. ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಸ್ಯಾಕ್ಸೋಫೋನಿಗೆ ಹೊಸ ಪ್ಯಾಡ್ (ತೂತು ಮುಚ್ಚುವ ಮೆತ್ತೆ) ಕೂರಿಸಿ, ಕೀ ಸರಿಮಾಡಿ ಕೊಡುವವರು ಸಿಗುವುದು ಕಷ್ಟ. ಮದುವೆ ಸೀಸನ್ ನಡುವೆ ಒಂದು ಪ್ಯಾಡ್ ಲೀಕ್ ಆದರೆ ಯಾರ ಹತ್ತಿರ ಓಡುತ್ತೀರಿ ಅನ್ನುವುದನ್ನೂ ಯೋಚಿಸಿ.

ಹಾಗಾದರೆ 77% ಎಲ್ಲಿಂದ ಬಂತು? ಅದೂ ಸುಳ್ಳಲ್ಲ, ಹಳೆಯದು. ಸ್ವಂತ ಬಳಕೆಗೆ ಅಂಚೆಯಲ್ಲೋ ವಿಮಾನದಲ್ಲೋ ಬರುವ ವಸ್ತುಗಳಿಗೆ 9804 ಅಂತ ಬೇರೆಯದೇ ಸಂಖ್ಯೆ ಇದೆ. ಅದರಲ್ಲಿ ಒಂದು ಕಾಲಕ್ಕೆ ಮೂಲ ಸುಂಕ 35%, ಮೇಲ್ತೆರಿಗೆ 3.5%, ಅದರ ಮೇಲೆ 28% ಐಜಿಎಸ್‌ಟಿ ಇತ್ತು. ಕೂಡಿಸಿ ನೋಡಿ, 77.28% ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಆ 28% ಐಜಿಎಸ್‌ಟಿ 18%ಕ್ಕೆ ಇಳಿಯಿತು. ಅಷ್ಟರಲ್ಲಿ 20%ಕ್ಕೆ ಇಳಿದಿದ್ದ ಮೂಲ ಸುಂಕವನ್ನೂ 10%ಕ್ಕೆ ಇಳಿಸುವುದಾಗಿ 2026ರ ಬಜೆಟ್‌ನಲ್ಲಿ ಹೇಳಿದರು. ಹಾಗಾಗಿ ಇಂಥ ಲೆಕ್ಕ ಎಲ್ಲಾದರೂ ಕಂಡರೆ ಮೊದಲು ಅದರ ತಾರೀಕು ನೋಡಿ. ಆರ್ಡರ್ ಮಾಡುವ ಮುಂಚೆ ಕೊರಿಯರ್‌ನವರನ್ನು "ಯಾವ ಸಂಖ್ಯೆಯಡಿ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಕೊಡುವ ಆಮದು ಪತ್ರ) ಹಾಕುತ್ತೀರಿ" ಅಂತ ಕೇಳಿ. ಇನ್‌ವಾಯ್ಸ್ ಮೇಲೆ ಸುಮ್ನೆ "ಸಂಗೀತದ ಸಾಮಾನು" ಅಂತ ಬರೆಸಬೇಡಿ. ಆಲ್ಟೋ ಸ್ಯಾಕ್ಸೋಫೋನ್, ಕಂಪನಿ, ಮಾಡೆಲ್, 9205, ಎಲ್ಲ ಸ್ಪಷ್ಟವಾಗಿ ಇರಲಿ.

ಸಾಗಣೆ ಖರ್ಚನ್ನೂ ಇನ್‌ವಾಯ್ಸ್‌ನಲ್ಲಿ ಬೇರೆಯಾಗಿ ತೋರಿಸಲು ಹೇಳಿ. ಅದು ಎಷ್ಟು ಅಂತ ಗೊತ್ತಾಗದಿದ್ದರೆ ಕಸ್ಟಮ್ಸ್‌ನವರು ವಾದ್ಯದ ಬೆಲೆಯ 20% ಅಂತ ಹಿಡಿಯುತ್ತಾರೆ. ನಿಮ್ಮ ವಿಷಯದಲ್ಲಿ 12,400. ನೀವು ಕೊಟ್ಟಿದ್ದು 7,300 ಅಲ್ವಾ, ಖರ್ಚೇ ಮಾಡದ 5,100 ರೂಪಾಯಿಗೂ ಸುಮ್ನೆ ಸುಂಕ ಕಟ್ಟಬೇಕಾಗುತ್ತದೆ.

"ಇನ್‌ವಾಯ್ಸ್‌ನಲ್ಲಿ 200 ಡಾಲರ್ ಅಂತ ಬರೆಸಿ" ಅಂತ ಗುಂಪಿನಲ್ಲೇ ಒಬ್ಬರು ಸಲಹೆ ಕೊಟ್ಟಿದ್ದಾರೆ. ದಯವಿಟ್ಟು ಬೇಡ. ಆ ಮಾಡೆಲ್‌ನ ಬೆಲೆ ಅಧಿಕಾರಿಗಳಿಗೂ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. 1962ರ ಕಸ್ಟಮ್ಸ್ ಕಾಯ್ದೆಯಲ್ಲಿ ಮಾಲು ಜಪ್ತಿ ಮಾಡುವುದಕ್ಕೂ ದಂಡ ಹಾಕುವುದಕ್ಕೂ ಅಧಿಕಾರ ಇದೆ. ಇನ್ನೊಂದು ನಷ್ಟವೂ ಇದೆ. ದಾರಿಯಲ್ಲಿ ವಾದ್ಯದ ಕುತ್ತಿಗೆ ಬಗ್ಗಿ ಬಂದರೆ ವಿಮೆ ಸಿಗುವುದು ಆ 200 ಡಾಲರ್‌ಗೆ ಮಾತ್ರ. ದುಡಿದು ಕೂಡಿಟ್ಟ ದುಡ್ಡು ಸರ್ ಅದು.

ನನ್ನ ಪ್ರಕಾರ ನಿಮಗಿರುವ ಒಳ್ಳೆಯ ದಾರಿ ಭಾವನೇ, ಆದರೆ ಪಾರ್ಸೆಲ್ ಮೂಲಕ ಅಲ್ಲ. ಅವರು ಊರಿಗೆ ಬರುವಾಗ ಜೊತೆಯಲ್ಲೇ ತರಲಿ. 2026ರ ಫೆಬ್ರವರಿಯಲ್ಲಿ ಬಂದ ಹೊಸ ಬ್ಯಾಗೇಜ್ ನಿಯಮದಂತೆ ವಿಮಾನದಲ್ಲಿ ಬರುವ ಭಾರತೀಯರು ಮತ್ತು ಭಾರತೀಯ ಮೂಲದವರು 75 ಸಾವಿರ ರೂಪಾಯಿವರೆಗಿನ ಸಾಮಾನನ್ನು ಸುಂಕ ಇಲ್ಲದೆ ತರಬಹುದು. ಮೊದಲು ಇದು 50 ಸಾವಿರ ಇತ್ತು. 62 ಸಾವಿರದ ವಾದ್ಯ ಇದರೊಳಗೆ ಬರುತ್ತದೆ. ಆದರೆ ಆ 75 ಸಾವಿರ ಅವರು ತರುವ ಎಲ್ಲ ಹೊಸ ಸಾಮಾನಿಗೂ ಸೇರಿ. ಅಕ್ಕನಿಗೆ ಫೋನು, ಮಕ್ಕಳಿಗೆ ಟ್ಯಾಬ್ ಅಂತ ತುಂಬಿಕೊಂಡು ಬಂದರೆ ಮಿತಿ ದಾಟುತ್ತದೆ. ಗಂಡ ಹೆಂಡತಿ ಇಬ್ಬರ ಮಿತಿಯನ್ನು ಕೂಡಿಸಿ ಒಂದೇ ವಸ್ತುವಿಗೆ ಬಳಸಲೂ ಆಗಲ್ಲ. ದಾಟಿದರೆ ವಿಮಾನ ನಿಲ್ದಾಣದ ರೆಡ್ ಚಾನೆಲ್‌ನಲ್ಲಿ (ಸುಂಕದ ಸಾಮಾನು ಇರುವವರ ಸಾಲು) ಹೋಗಿ ಹೇಳಿಬಿಡಲಿ, ಬಿಲ್ ಕೈಯಲ್ಲೇ ಇರಲಿ. ಅಲ್ಲಿ ಕೊಳ್ಳುವಾಗ ಆ ರಾಜ್ಯದ ಮಾರಾಟ ತೆರಿಗೆ ಬೀಳಬಹುದು, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಯುರೋಪಿನ ಅಂಗಡಿಗಳನ್ನು ನೋಡುವವರಿಗೆ ಒಂದು ಮಾತು. ಜರ್ಮನಿಯಲ್ಲಿ ಬೆಲೆಯೊಳಗೆ 19% ವ್ಯಾಟ್, ಅಂದರೆ ನಮ್ಮ ಜಿಎಸ್‌ಟಿ ಥರದ ತೆರಿಗೆ, ಸೇರಿರುತ್ತದೆ. ಹೊರದೇಶಕ್ಕೆ ಕಳಿಸುವಾಗ ದೊಡ್ಡ ಅಂಗಡಿಗಳು ಅದನ್ನು ಕಳೆಯುತ್ತವೆ. ವಿಳಾಸದಲ್ಲಿ ಭಾರತ ಅಂತ ಹಾಕಿದ ಮೇಲೂ ಬೆಲೆ ಇಳಿಯದಿದ್ದರೆ ಕೇಳಿ. 119 ಯೂರೋದ್ದು 100ಕ್ಕೆ ಬರಬೇಕು.

ಹಳೇ ವಾದ್ಯ ತರಿಸುವವರು ಮರ ಮತ್ತು ದಂತದ ವಿಷಯದಲ್ಲಿ ಎಚ್ಚರ ವಹಿಸಿ. ಬೀಟೆಯ ಜಾತಿಯ ಮರಗಳಿಗೆ 2017ರಲ್ಲಿ ಅಂತರರಾಷ್ಟ್ರೀಯ ನಿರ್ಬಂಧ ಬಂತು. ಪೂರ್ತಿ ತಯಾರಾದ ವಾದ್ಯಗಳಿಗೆ, ಅವು ಯಾವಾಗ ಮಾಡಿದ್ದಾದರೂ, 2019ರ ನವೆಂಬರ್‌ನಲ್ಲಿ ಅದರಿಂದ ವಿನಾಯಿತಿ ಸಿಕ್ಕಿತು. ಬ್ರೆಜಿಲ್‌ನ ಬೀಟೆಗೆ ಮಾತ್ರ ಆ ವಿನಾಯಿತಿ ಇಲ್ಲ. ದಂತದ ಕೀ ಇರುವ ಪಿಯಾನೋ, ಆಮೆ ಚಿಪ್ಪಿನ ಭಾಗ ಇರುವ ವಯಲಿನ್ ಕಮಾನು, ಇವುಗಳ ತಂಟೆಗೇ ಹೋಗಬೇಡಿ.

ರೀಡ್ ಪೆಟ್ಟಿಗೆ, ಮೌತ್‌ಪೀಸ್ ತರಿಸಿದರೂ ಸುಂಕ ಇದೆ. ಒಟ್ಟು ಸುಂಕ 100 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಬಂದರೆ ಮಾತ್ರ ಬಿಡುತ್ತಾರೆ.

ಕೊನೆಗೂ ಕೊರಿಯರ್‌ನಲ್ಲೇ ತರಿಸುತ್ತೀರಾದರೆ ಆಧಾರ್, ಪ್ಯಾನ್ ಪ್ರತಿ ಸಿದ್ಧವಾಗಿರಲಿ, ಕೆವೈಸಿಗೆ ಕೇಳುತ್ತಾರೆ. ಸ್ವಂತಕ್ಕೆ ಒಂದು ವಾದ್ಯ ತರಿಸಲು ಆಮದು ಲೈಸೆನ್ಸ್ ಬೇಕಿಲ್ಲ. ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಆನ್ ಮಾಡಿರಬೇಕು. ವೆಬ್‌ಸೈಟು "ರೂಪಾಯಿಯಲ್ಲೇ ಕಟ್ಟುತ್ತೀರಾ" ಅಂತ ಕೇಳಿದರೆ ಬೇಡ ಅನ್ನಿ, ಆ ದರ ಸಾಮಾನ್ಯವಾಗಿ ದುಬಾರಿ. ಪಾರ್ಸೆಲ್ ದಾರಿಯಲ್ಲಿರುವಾಗ "ಕಸ್ಟಮ್ಸ್ ಆಫೀಸರ್ ಮಾತಾಡ್ತಿರೋದು, ಈಗಲೇ ಯುಪಿಐ ಮಾಡಿ, ಇಲ್ಲಾಂದ್ರೆ ಕೇಸು" ಅಂತ ಫೋನ್ ಬಂದರೆ ಇಟ್ಟುಬಿಡಿ. ಯಾವ ಅಧಿಕಾರಿಯೂ ಫೋನ್ ಮಾಡಿ ತನ್ನ ಸ್ವಂತ ಖಾತೆಗೆ ಸುಂಕ ಹಾಕಿಸಿಕೊಳ್ಳುವುದಿಲ್ಲ. ಕೊರಿಯರ್‌ನ ಸ್ವಂತ ವೆಬ್‌ಸೈಟಿನಲ್ಲಿ ಟ್ರ್ಯಾಕಿಂಗ್ ನಂಬರ್ ಹಾಕಿ ನೋಡಿ, ಅಲ್ಲಿ ಕಂಡರೆ ಮಾತ್ರ ಕಟ್ಟಿ. ಪೆಟ್ಟಿಗೆ ಬಿಚ್ಚುವಾಗ ವಿಡಿಯೋ ಮಾಡಿ. ಸುಂಕ ಕಟ್ಟಿದ ರಸೀದಿಯನ್ನು ವಾದ್ಯದ ಕೇಸಿನಲ್ಲೇ ಇಡಿ, ಮುಂದೆ ಮಾರುವಾಗ ಬೇಕಾಗುತ್ತದೆ.

ಭಾವ ಯಾವಾಗ ಬರುತ್ತಾರೆ ಅಂತ ಹೇಳಿ ಸರ್, ಮಾಡೆಲ್ ಹೆಸರನ್ನೂ ಇಲ್ಲೇ ಹಾಕಿ. ಅದನ್ನು ನುಡಿಸಿದವರು ಗುಂಪಿನಲ್ಲಿ ಯಾರಾದರೂ ಇದ್ದೇ ಇರುತ್ತಾರೆ.