ಬಂಡವಾಳ ತಿಜೋರಿಯಲ್ಲಿ ಇರುವುದಿಲ್ಲ

ಓದುಗರ ಪತ್ರ: ನಮ್ಮ ಪಟ್ಟಣ ಸಹಕಾರಿ ಬ್ಯಾಂಕು ಲಾಭದಲ್ಲಿದೆ. ಆದರೂ ‘ಸಿಆರ್‌ಎಆರ್ (ಅಪಾಯಕ್ಕೆ ತಕ್ಕಂತೆ ತೂಗಿದ ಸಾಲ ಮುಂತಾದ ಆಸ್ತಿಗೆ ಬ್ಯಾಂಕಿನ ಸ್ವಂತ ಬಂಡವಾಳದ ಅನುಪಾತ) ಶೇ. 12 ಇರಬೇಕು’ ಎಂದು ಸರ್ವಸಾಧಾರಣ ಸಭೆಯಲ್ಲಿ ಡಿವಿಡೆಂಡ್ ಇಳಿಸಿದರು. ಅಷ್ಟು ಹಣ ಸುಮ್ಮನೆ ಕೂಡಿಡುವ ಬದಲು ನಮ್ಮಂಥ ಅಡಿಕೆ ಬೆಳೆಗಾರರಿಗೆ ಸಾಲ ಕೊಡಬಾರದೇ?
– ಓದುಗರೊಬ್ಬರು, ಶಿರಸಿ ತಾಲೂಕು

ಸಂಪಾದಕರ ಉತ್ತರ: ಆ ಹಣ ಕೂಡಿಟ್ಟಲ್ಲಿ ಇಲ್ಲ, ಬಹುಪಾಲು ಆಗಲೇ ಸಾಲವಾಗಿ ಹೊರಗೆ ಹೋಗಿದೆ. ರಿಸರ್ವ್ ಬ್ಯಾಂಕಿನ ಲೆಕ್ಕದಂತೆ ನಗದಾಗಿ ತೆಗೆದಿಡಬೇಕಾದದ್ದು ಸಿಆರ್‌ಆರ್, ಅದು ಬೇರೆ. ಸಿಆರ್‌ಎಆರ್ ಕೇಳುವುದು ಹಣ ಎಲ್ಲಿದೆ ಎಂದಲ್ಲ, ಯಾರದ್ದು ಎಂದು. ಠೇವಣಿ ಮರಳಿಸಲೇಬೇಕಾದ ಹಣ. ಸದಸ್ಯರ ಷೇರು, ಕಾಯ್ದಿಟ್ಟ ನಿಧಿ ಹಾಗಲ್ಲ. ಸಾಲ ಮುಳುಗಿದಾಗ ಮೊದಲು ಕರಗುವುದು ಇವೇ.

ಒಂದು ಲೆಕ್ಕ ಹಾಕೋಣ. ಠೇವಣಿ 200 ಕೋಟಿ, ಷೇರು ಮತ್ತು ನಿಧಿ ಸೇರಿ 16 ಕೋಟಿ. ಈ 216 ಕೋಟಿಯಲ್ಲಿ ನಗದು 16, ಸರ್ಕಾರಿ ಬಾಂಡ್ 60, ಮನೆ ಸಾಲ 20, ವ್ಯಾಪಾರ ಮುಂತಾದ ಸಾಲ 120 ಕೋಟಿ. ಅಪಾಯದ ತೂಕ, ಅಂದರೆ ಮುಳುಗುವ ಸಾಧ್ಯತೆ ನೋಡಿ ಆಸ್ತಿಯ ಎಷ್ಟು ಪಾಲನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದು, ನಗದಿಗೆ ಸೊನ್ನೆ. ಬಾಂಡಿಗೂ ಸರಳತೆಗಾಗಿ ಸೊನ್ನೆ ಎನ್ನೋಣ. ಮನೆ ಸಾಲಕ್ಕೆ ಶೇ. 50, ಉಳಿದ ಸಾಲಕ್ಕೆ ಶೇ. 100 ಹಿಡಿಯೋಣ. ತೂಕ ಹಾಕಿದ ಆಸ್ತಿ 10 + 120, ಅಂದರೆ 130 ಕೋಟಿ. 16ನ್ನು 130ರಿಂದ ಭಾಗಿಸಿದರೆ ಶೇ. 12.3. ಪಾಸು.

ಈಗ 4 ಕೋಟಿ ವ್ಯಾಪಾರ ಸಾಲ ಪೂರ್ತಿ ಮುಳುಗಿತೆನ್ನಿ. ಠೇವಣಿದಾರರಿಗೆ ಒಂದು ರೂಪಾಯಿಯೂ ಹೋಗಲಿಲ್ಲ. ಆದರೆ ಬಂಡವಾಳ 12 ಕೋಟಿಗೆ, ತೂಕದ ಆಸ್ತಿ 126ಕ್ಕೆ ಇಳಿದು ಅನುಪಾತ ಶೇ. 9.5 ಆಯಿತು. ಹೊಸ ಬಂಡವಾಳ ಬಾರದಿದ್ದರೆ ಶೇ. 12ಕ್ಕೆ ಮರಳಲು ತೂಕದ ಆಸ್ತಿಯನ್ನು 100 ಕೋಟಿಗೆ ತರಬೇಕು. ಮುಳುಗಿದ್ದು 4 ಕೋಟಿ, ನಿಲ್ಲಿಸಬೇಕಾದ ಸಾಲ 26 ಕೋಟಿ! ನಿಮಗೆ ಸಾಲ ಸಿಗದಂತಾಗುವುದು ಬಂಡವಾಳ ಉಳಿಸಿದ್ದರಿಂದಲ್ಲ, ಉಳಿಸದೇ ಇದ್ದುದರಿಂದ.

ನಮ್ಮ ಘಟ್ಟದ ಮೇಲೆ ಇದು ಇನ್ನೂ ಮುಖ್ಯ. ಮಳೆ ಹೆಚ್ಚಾಗಿ ಕೊಳೆರೋಗ ಬಂದರೆ ಒಬ್ಬರ ತೋಟಕ್ಕಷ್ಟೇ ಬರುವುದಿಲ್ಲ. ಊರಿನ ಕಂತುಗಳೆಲ್ಲ ಒಟ್ಟಿಗೇ ತಪ್ಪುತ್ತವೆ. ಆ ವರ್ಷ ಹೊಸ ಷೇರು ಕೊಳ್ಳುವವರು ಯಾರು? ಅಲ್ಲದೆ, ಸಾಲಕ್ಕಾಗಿ ಕೊಂಡ ಷೇರನ್ನು ಸಾಲ ತೀರಿದ ಮೇಲೆ ಹಿಂದೆ ಕೇಳುವವರೂ ಇದ್ದಾರೆ. ಗಟ್ಟಿಯಾಗಿ ಉಳಿಯುವುದು ಒಳ್ಳೆಯ ವರ್ಷದ ಲಾಭದಿಂದ ನಿಧಿಗೆ ಹೋದದ್ದೇ. ಡಿವಿಡೆಂಡ್ ಇಳಿಸಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಅಂದಹಾಗೆ, ಶೇ. 12 ಎಲ್ಲರಿಗೂ ಅಲ್ಲ. 100 ಕೋಟಿವರೆಗಿನ ಠೇವಣಿಯ ಪಟ್ಟಣ ಬ್ಯಾಂಕುಗಳಿಗೆ ಶೇ. 9 ಸಾಕು. ದೊಡ್ಡವಕ್ಕೆ 2024ರ ಮಾರ್ಚ್‌ಗೆ 10, 2025ಕ್ಕೆ 11, 2026ಕ್ಕೆ 12 ಎಂದು ಮೆಟ್ಟಿಲು ಕೊಟ್ಟರು.

ಆದರೆ ಅನುಪಾತವೊಂದನ್ನೇ ನಂಬಬೇಡಿ. ಸುಸ್ತಿದಾರರಿಗೆ ಹೊಸ ಸಾಲ ಕೊಟ್ಟು ಹಳೆಯದನ್ನು ತೀರಿಸಿಕೊಂಡರೆ ನಷ್ಟ ಪುಸ್ತಕಕ್ಕೇ ಬರುವುದಿಲ್ಲ, ಸಿಆರ್‌ಎಆರ್ ಚೆಂದವಾಗಿಯೇ ಕಾಣುತ್ತದೆ. ಮುಂದಿನ ಸಭೆಯಲ್ಲಿ ಎರಡು ಅಂಕಿ ಕೇಳಿ: ನಿವ್ವಳ ಎನ್‌ಪಿಎ (ಮರುಪಾವತಿ ನಿಂತ ಸಾಲದಲ್ಲಿ ನಷ್ಟಕ್ಕೆಂದು ತೆಗೆದಿಟ್ಟದ್ದನ್ನು ಕಳೆದು ಉಳಿದದ್ದು) ಎಷ್ಟು ರೂಪಾಯಿ, ಷೇರು ಮತ್ತು ನಿಧಿ ಎಷ್ಟು ರೂಪಾಯಿ. ಮೊದಲನೆಯದು ಎರಡನೆಯದರ ಅರ್ಧಕ್ಕೆ ಬಂದಿದ್ದರೆ ಏಕೆಂದು ಕೇಳದೆ ಏಳಬೇಡಿ.

ಊರಿನ ಸೇವಾ ಸಹಕಾರಿ ಸಂಘದಲ್ಲೂ ಠೇವಣಿ ಇಟ್ಟಿದ್ದರೆ ಇದು ಗಮನದಲ್ಲಿರಲಿ: ಅದಕ್ಕೆ ರಿಸರ್ವ್ ಬ್ಯಾಂಕಿನ ಈ ನಿಯಮವೂ ಇಲ್ಲ, ಬ್ಯಾಂಕ್ ಠೇವಣಿಗಿರುವ 5 ಲಕ್ಷ ರೂಪಾಯಿಯ ವಿಮೆಯೂ ಇಲ್ಲ.