ಬೀಗರೂಟ ಮುಗಿದು ಎರಡು ವಾರಕ್ಕೆ ಮಂಡಿ ಊತ

ಪ್ರಶ್ನೆ: ಡಾಕ್ಟ್ರೇ, ನನಗೆ 28 ವರ್ಷ. ಲಗೇಜ್ ಗಾಡಿ ಓಡಿಸುತ್ತೇನೆ. ಗೆಳೆಯನ ಬೀಗರೂಟ ಉಂಡು ಬಂದವನಿಗೆ ಮೂರು ದಿನ ಜ್ವರ, ಭೇದಿ. ತಾನಾಗಿಯೇ ನಿಂತಿತು. ಎರಡು ವಾರ ಕಳೆದ ಮೇಲೆ ಬಲ ಮಂಡಿ ಊದಿಕೊಂಡಿದೆ. ಬೆಳಿಗ್ಗೆ ಎದ್ದರೆ ಎಡ ಹಿಮ್ಮಡಿ ಊರಲು ಆಗುವುದಿಲ್ಲ. ಕಣ್ಣೂ ಕೆಂಪಾಗಿದೆ. ಚಿಕೂನ್‌ಗುನ್ಯಾ ಇಲ್ಲ, ಯೂರಿಕ್ ಆ್ಯಸಿಡ್ ಸರಿಯಿದೆ ಎಂದು ರಿಪೋರ್ಟ್ ಬಂತು. ಅಮ್ಮ 'ವಾಯು' ಅಂತ ಆಲೂಗಡ್ಡೆ, ಬದನೆಕಾಯಿ ನಿಲ್ಲಿಸಿದ್ದಾರೆ. ಏನಿದು?
– ಹೆಸರು ಬೇಡ, ಮದ್ದೂರು

ಉತ್ತರ: ಭೇದಿಯ ವಿಷಯ ಬರೆದಿರಲ್ಲ, ಒಳ್ಳೆಯದಾಯಿತು. ಮಂಡಿ ತೋರಿಸಲು ಬಂದವರು ಹೊಟ್ಟೆಯ ಸುದ್ದಿ ಎತ್ತುವುದೇ ಇಲ್ಲ. ನಾನೂ ಒಮ್ಮೆ ಕೇಳದೆ ಬಿಟ್ಟಿದ್ದೆ. ನಿಮ್ಮ ವಯಸ್ಸಿನ ಹುಡುಗ. ಮಂಡಿಯಿಂದ ನೀರು ತೆಗೆದರೆ ಸಿರಿಂಜ್ ತುಂಬ ಹಳದಿ, ಕದಡಿದ ನೀರು. ಕೀವು ಎಂದು ಹೆದರಿ ಲ್ಯಾಬಿಗೆ ಕಳಿಸಿದೆ. ಒಂದು ಬ್ಯಾಕ್ಟೀರಿಯವೂ ಬೆಳೆಯಲಿಲ್ಲ. ಮೂಲೆಯಲ್ಲಿ ಕೂತಿದ್ದ ಅವನ ತಾಯಿ, "ಹೋದ ತಿಂಗಳು ಹೊಟ್ಟೆ ಕೆಟ್ಟಿತ್ತು, ಅದಕ್ಕೂ ಇದಕ್ಕೂ ಏನಾದ್ರೂ ಉಂಟಾ ಸಾರ್?" ಎಂದರು. ಇತ್ತು!

ನಿಮ್ಮದೂ ಬಹುಶಃ ಅದೇ, ರಿಯಾಕ್ಟಿವ್ ಆರ್ಥ್ರೈಟಿಸ್. ಸಾಲ್ಮೊನೆಲ್ಲಾ, ಶಿಗೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಥರದ ಬ್ಯಾಕ್ಟೀರಿಯ ಕರುಳಿಗೆ ಸೋಂಕು ತರುತ್ತವೆ. ಅವುಗಳ ಮೇಲೆ ಎದ್ದ ದೇಹದ ರಕ್ಷಣಾ ಪಡೆ, ಹೊಟ್ಟೆ ಸರಿಹೋದ ಮೇಲೂ ಸುಮ್ಮನಾಗದೆ ಕೀಲಿನ ಮೇಲೆ ತಿರುಗುತ್ತದೆ. ಸಾಮಾನ್ಯವಾಗಿ 1ರಿಂದ 4 ವಾರದೊಳಗೆ ಶುರು. ಮಂಡಿ, ಹರಡು, ಹಿಮ್ಮಡಿಗೇ ಜಾಸ್ತಿ. ಎಚ್‌ಎಲ್‌ಎ-ಬಿ27 ಎಂಬ ಜೀನ್ ಇದ್ದವರಲ್ಲಿ ಹೆಚ್ಚು ದಿನ ಕಾಡಬಹುದು.

ಇನ್ನೊಂದು ಮಾತು, ನಾಚಿಕೊಳ್ಳಬೇಡಿ. ಮೂತ್ರ ಮಾಡುವಾಗ ಉರಿ ಇದೆಯಾ? ಲೈಂಗಿಕ ಸಂಪರ್ಕದಿಂದ ಬರುವ ಕ್ಲಮೈಡಿಯಾ ಸೋಂಕೂ ಹೀಗೇ ಮಂಡಿ ಊದಿಸುತ್ತದೆ. ಅದಿದ್ದರೆ ಆ್ಯಂಟಿಬಯಾಟಿಕ್ ಬೇಕೇ ಬೇಕು, ಸಂಗಾತಿಗೂ. ನಿಂತುಹೋದ ಭೇದಿಯಿಂದ ಬಂದ ಕೀಲುನೋವಿಗೆ ಅದನ್ನು ನುಂಗುವುದು ಸುಮ್ನೆ ದಂಡ.

ಮೊದಲು ಕಣ್ಣು ತೋರಿಸಿ. ಕಣ್ಣು ನೋಯುತ್ತಿದ್ದರೆ, ಬೆಳಕು ಚುಚ್ಚಿದರೆ, ಮಂಜಾದರೆ ಇವತ್ತೇ ಹೋಗಿ. ಮಂಡಿ ಬಿಸಿಯಾಗಿ ಮತ್ತೆ ಜ್ವರ ಬಂದರೂ ಅಷ್ಟೇ. ನಿಜವಾಗಿ ಕೀವಾಗಿದ್ದರೆ ಕೆಲವೇ ದಿನದಲ್ಲಿ ಕೀಲು ಹಾಳಾಗುತ್ತದೆ. ಅದಿಲ್ಲವೆಂದು ಖಾತ್ರಿಯಾದ ಮೇಲೆ ನೋವು, ಊತ ಇಳಿಸುವ ನೇಪ್ರೊಕ್ಸೆನ್ ಥರದ ಮಾತ್ರೆ, ಬೇಕಾದರೆ ಕೀಲಿಗೇ ಒಂದು ಸ್ಟೆರಾಯ್ಡ್ ಇಂಜೆಕ್ಷನ್, ಡಾಕ್ಟರ್ ಬರೆದುಕೊಟ್ಟಂತೆ. ಮೆಡಿಕಲ್ ಶಾಪಿನವರು ಪೊಟ್ಟಣ ಕಟ್ಟಿಕೊಡುವ ಬಣ್ಣಬಣ್ಣದ ಮಾತ್ರೆ ಬೇಡ. ಹೆಚ್ಚಿನವರಿಗೆ 3ರಿಂದ 12 ತಿಂಗಳಲ್ಲಿ ವಾಸಿಯಾಗುತ್ತದೆ. ಕೆಲವರಿಗೆ ಮರುಕಳಿಸುವುದೂ ಉಂಟು.

ಆಲೂಗಡ್ಡೆ, ಬದನೆಕಾಯಿ ಪಾಪ ಏನೂ ಮಾಡಿಲ್ಲ, ತಿನ್ನಿ. ಆದರೆ ನೀವು ಬ್ರೇಕ್ ತುಳಿಯುವುದು ಆ ಊದಿದ ಬಲಗಾಲಿನಲ್ಲೇ ತಾನೇ? ಊತ ಇಳಿಯುವವರೆಗೆ ಗಾಡಿ ಕೀಲಿಕೈ ಬೇರೆಯವರ ಹತ್ತಿರ ಇರಲಿ.