ಓದುಗರ ಪ್ರಶ್ನೆ: ದುರ್ಬಲತೆ ವಾರ್ಡಿನ ಗಡಿಯೊಳಗೇ ಇರುತ್ತದೆಯೇ?

ಪ್ರಶ್ನೆ: ನಮ್ಮ ಪಟ್ಟಣದ 31 ವಾರ್ಡುಗಳಿಗೆ ಸಾಮಾಜಿಕ ದುರ್ಬಲತೆಯ (ಆಪತ್ತು ಬಂದರೆ ಯಾರಿಗೆ ಹೆಚ್ಚು ಪೆಟ್ಟು ಎಂಬುದರ) ಸೂಚ್ಯಂಕ ಮಾಡುತ್ತಿದ್ದೇನೆ. 2011ರ ಜನಗಣತಿಯಿಂದ 40 ಸೂಚಕ ತೆಗೆದಿದ್ದೇನೆ. ಜಾಗವನ್ನು ಬರೀ ಗಡಿಯಾಗಿ ನೋಡಬೇಡಿ ಎನ್ನುತ್ತಾರೆ ನಮ್ಮ ಮೇಷ್ಟ್ರು. ಹಾಗೆಂದರೇನು?
– ಎಂ.ಎ. ಭೂಗೋಳಶಾಸ್ತ್ರ ವಿದ್ಯಾರ್ಥಿನಿ

ಉತ್ತರ: ಮೊದಲು ಅಂಕಿಯ ಕೆಲಸ ಸರಿಯಾಗಲಿ. 2003ರಲ್ಲಿ ಅಮೆರಿಕದ ಭೂಗೋಳಶಾಸ್ತ್ರಜ್ಞೆ ಸೂಸನ್ ಕಟರ್ ಮತ್ತು ಸಂಗಡಿಗರು ಇಂಥದೇ ಸೂಚ್ಯಂಕಕ್ಕೆ 42 ಸೂಚಕಗಳನ್ನು 11 ಅಂಶಗಳಿಗೆ (ಒಟ್ಟಿಗೆ ಏರಿಳಿಯುವ ಸೂಚಕಗಳ ಗುಂಪುಗಳಿಗೆ) ಇಳಿಸಿದರು. ಆದರೆ ಅವರ ಮುಂದೆ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳಿದ್ದವು (ನಮ್ಮ ಜಿಲ್ಲೆಯಂಥ ಘಟಕಗಳು). 31 ವಾರ್ಡಿಗೆ 40 ಸೂಚಕ ಹಾಕಿದರೆ ಹೀಗೆ ಇಳಿಸುವ ಅಂಶ ವಿಶ್ಲೇಷಣೆ ನಿಲ್ಲುವುದಿಲ್ಲ. ಏಳೆಂಟು ಸೂಚಕ ಆರಿಸಿ, ಸಮಾನ ತೂಕ ಕೊಡಿ. ಶೌಚಾಲಯವಿಲ್ಲದ ಮನೆ, ನಲ್ಲಿಯಿಲ್ಲದ ಮನೆ, ಕಚ್ಚಾ ಚಾವಣಿ ಸಾಮಾನ್ಯವಾಗಿ ಒಟ್ಟಿಗೇ ಏರಿಳಿಯುತ್ತವೆ. ಮೂರನ್ನೂ ಸೇರಿಸಿದರೆ ಒಂದೇ ಬಡತನವನ್ನು ಮೂರು ಸಲ ಎಣಿಸಿದಂತೆ.

ಸಂಖ್ಯೆಗಳನ್ನು ಶೇಕಡಾವಾರು ಮಾಡಿಕೊಳ್ಳಿ, ಇಲ್ಲದಿದ್ದರೆ ದೊಡ್ಡ ವಾರ್ಡುಗಳೇ ಮೇಲೆ ಬರುತ್ತವೆ. ಪ್ರತಿ ಬೆಲೆಯಿಂದ ಸರಾಸರಿ ಕಳೆದು ಮಾನಕ ವಿಚಲನೆಯಿಂದ (ಬೆಲೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಯಿಂದ) ಭಾಗಿಸಿ. ಹೆಚ್ಚಾದಷ್ಟೂ ದುರ್ಬಲತೆ ತಗ್ಗಿಸುವ ಸಾಕ್ಷರತೆಯಂಥವುಗಳ ಚಿಹ್ನೆ ತಿರುಗಿಸಿ, ಆಮೇಲೆ ಕೂಡಿಸಿ. ಬಣ್ಣ ಹಚ್ಚುವಾಗ ವಾರ್ಡುಗಳನ್ನು ಐದು ಸಮ ಗುಂಪು ಮಾಡಿದರೆ, ಊರು ಎಷ್ಟೇ ಸುಸ್ಥಿತಿಯಲ್ಲಿರಲಿ, ಐದನೇ ಒಂದು ಭಾಗ ‘ಅತಿ ದುರ್ಬಲ’ ಎಂದೇ ಕಾಣುತ್ತದೆ. ಅದು ಹೋಲಿಕೆ ಮಾತ್ರ ಎಂದು ನಕ್ಷೆಯ ಕೆಳಗೇ ಬರೆಯಿರಿ.

ಈಗ ಮೇಷ್ಟ್ರ ಮಾತಿಗೆ ಬರೋಣ. ಜನಗಣತಿ ಜನರನ್ನು ಮನೆಯಿರುವ ಕಡೆ ಎಣಿಸುತ್ತದೆ. ಬದುಕು ಅಲ್ಲಿಗೆ ಮುಗಿಯುವುದಿಲ್ಲ: ಕೂಲಿ ಒಂದು ಕಡೆ, ಸಾಲ ಕೊಡುವವರು ಇನ್ನೊಂದು ಕಡೆ, ಕಷ್ಟಕ್ಕೆ ಆಗುವ ತವರು ಮತ್ತೊಂದು ಜಿಲ್ಲೆಯಲ್ಲಿ. ಜಾಗ ಎಂಬುದು ಇಂಥ ಸಂಬಂಧಗಳಿಂದಲೇ ಆದದ್ದು ಎಂದು ಬ್ರಿಟನ್ನಿನ ಭೂಗೋಳಶಾಸ್ತ್ರಜ್ಞೆ ಡೊರೀನ್ ಮ್ಯಾಸ್ಸಿ ಬಲವಾಗಿ ವಾದಿಸಿದರು. ಹಾಗೆ ನೋಡಿದರೆ, ಒಂದು ಕೇರಿ ಏಕೆ ದುರ್ಬಲ ಎಂಬುದಕ್ಕೆ ಉತ್ತರ ಆ ಕೇರಿಯಾಚೆಯೂ ಇರಬಹುದು.

ಒಂದು ಉದಾಹರಣೆ: 1995ರ ಜುಲೈನಲ್ಲಿ ಅಮೆರಿಕದ ಶಿಕಾಗೋದ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು. ಅಕ್ಕಪಕ್ಕದ ಉತ್ತರ ಲಾನ್‌ಡೇಲ್ ಮತ್ತು ದಕ್ಷಿಣ ಲಾನ್‌ಡೇಲ್‌ ಬಡಾವಣೆಗಳಲ್ಲಿ ಬಡ ವೃದ್ಧರ, ಒಂಟಿ ವೃದ್ಧರ ಪ್ರಮಾಣ ಹೆಚ್ಚುಕಡಿಮೆ ಒಂದೇ. ಆದರೂ ಉತ್ತರದಲ್ಲಿ ಸಾವಿನ ದರ ದಕ್ಷಿಣದ ಸುಮಾರು ಹತ್ತು ಪಟ್ಟು. ಉತ್ತರದಲ್ಲಿ ಕಾರ್ಖಾನೆ, ಅಂಗಡಿಗಳು ಹೋಗಿ ಖಾಲಿ ನಿವೇಶನಗಳು ಉಳಿದಿದ್ದವು, ವೃದ್ಧರು ಹೊರಬರಲು ಹೆದರುತ್ತಿದ್ದರು. ದಕ್ಷಿಣದ ಬೀದಿ ಜನರಿಂದ ತುಂಬಿರುತ್ತಿತ್ತು. ಸೂಚ್ಯಂಕದಲ್ಲಿ ಈ ವ್ಯತ್ಯಾಸ ಕಾಣುತ್ತಿರಲಿಲ್ಲ. ಈ ವಿವರಣೆಯನ್ನೂ ಮುಂದೆ ಪ್ರಶ್ನಿಸಲಾಯಿತು: ಬಡಾವಣೆಯ ಗುಣವನ್ನು ಅಲ್ಲಿ ಸತ್ತ ಒಬ್ಬೊಬ್ಬರ ಬದುಕಿಗೂ ಅಂಟಿಸುವುದು ತಪ್ಪು ಎಂದು. ನಿಮ್ಮ ವಾರ್ಡಿನ ಸರಾಸರಿಗೂ ಈ ಎಚ್ಚರಿಕೆ ಬೇಕು.

ಆದ್ದರಿಂದ ಸೂಚ್ಯಂಕ ಮುಗಿದ ಮೇಲೆ ಅತಿ ಹೆಚ್ಚು ಬಂದ ಎರಡು, ಅತಿ ಕಡಿಮೆ ಬಂದ ಎರಡು, ಊರವರ ಅನುಭವಕ್ಕೆ ಹೊಂದದ ಒಂದು ವಾರ್ಡಿಗೆ ಹೋಗಿ. ಕೆಲಸಕ್ಕೆ ಎಲ್ಲಿಗೆ, ನೀರು ಎಷ್ಟು ಹೊತ್ತಿಗೆ, ಹಕ್ಕುಪತ್ರ ಇದೆಯೇ, ರೇಷನ್ ಕಾರ್ಡ್ ಯಾವ ಊರಿನದು, ಮನೆಗೆ ನೀರು ನುಗ್ಗಿದರೆ ಯಾರ ಮನೆಗೆ ಹೋಗುತ್ತೀರಿ ಎಂದು ಕೇಳಿ. ಉತ್ತರಗಳನ್ನು ಅದೇ ನಕ್ಷೆಯ ಮೇಲೆ ಗೆರೆಗಳಾಗಿ ಎಳೆಯಿರಿ. ಹಗಲು ಒಮ್ಮೆ, ಸಂಜೆ ಒಮ್ಮೆ ಹೋಗಲೇಬೇಕು. ಹಗಲಲ್ಲೇ ಮುಗಿಸಿದರೆ ಕೂಲಿಗೆ ಹೋದವರು ನಿಮ್ಮ ಅಧ್ಯಯನದಿಂದಲೇ ಬಿಟ್ಟುಹೋಗುತ್ತಾರೆ.

ಪ್ರಶ್ನೆ: 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಮಹದೇವಪುರದ ಕಡೆ ವಿಲ್ಲಾಗಳೂ ಮುಳುಗಿದವು. ಪ್ರವಾಹಕ್ಕೆ ಬಡವ–ಬಲ್ಲಿದ ಭೇದವಿಲ್ಲ ಎನ್ನಬಹುದಲ್ಲವೇ?

ಉತ್ತರ: ನೀರು ನುಗ್ಗುವುದು ಅಪಾಯಕ್ಕೆ ಒಡ್ಡಿಕೊಳ್ಳುವುದು. ದುರ್ಬಲತೆ ಎಂದರೆ ನುಗ್ಗಿದ ಮೇಲೆ ಏನಾಗುತ್ತದೆ ಎಂಬುದು. ಹಣವಿದ್ದವರು ಹೋಟೆಲಿಗೆ ಹೋಗಬಲ್ಲರು, ವಿಮೆ ಕೇಳಬಲ್ಲರು. ತಗಡಿನ ಶೆಡ್ಡಿನ ವಲಸೆ ಕಾರ್ಮಿಕರಿಗೆ ಬಟ್ಟೆಬರೆ, ದಾಖಲೆಯ ಜೊತೆಗೆ ಆ ದಿನಗಳ ಕೂಲಿಯೂ ಹೋಗುತ್ತದೆ. 2011ರ ನಂತರ ಬಂದವರು ವಾರ್ಡಿನ ಅಂಕಿಯಲ್ಲೂ ಇಲ್ಲ. ಇನ್ನೊಂದು ವಿಷಯ: ಅಲ್ಲಿ ನಿಂತ ನೀರು ಅಲ್ಲಿಯದೇ ಅಲ್ಲ. ಒಂದರ ಕೋಡಿ ಇನ್ನೊಂದಕ್ಕೆ ಹರಿಯುವ ಕೆರೆಗಳ ಸಾಲಿನಲ್ಲಿ ಮೇಲೆ ರಾಜಕಾಲುವೆ ಕಿರಿದಾದರೆ ಕೆಳಗಿನ ಮನೆಗಳು ಮುಳುಗುತ್ತವೆ. ಆದ್ದರಿಂದ ಪ್ರವಾಹದ ಅಧ್ಯಯನಕ್ಕೆ ವಾರ್ಡ್ ನಕ್ಷೆಯ ಮೇಲೆ ಜಲಾನಯನದ ಗಡಿಯನ್ನೂ ಎಳೆದುಕೊಳ್ಳಿ.